ಸೀಗೆಪುಡಿಯೋ ಶಾಂಪೂವೋ, ಹುಣಸೆಯೋ ಫಿನಾಯಿಲೋ: ಮನೆಯ ತಯಾರಿಕೆಗಳನ್ನು ಹೋಲಿಸಿ ಆರಿಸಿಕೊಳ್ಳುವ ಬಗೆ

ಅಂಗಡಿಯ ಶಾಂಪೂ, ಸಾಬೂನು, ಫಿನಾಯಿಲ್‌ಗಳನ್ನು ಬಿಟ್ಟು ಮನೆಯಲ್ಲಿ ಮಾಡಿಕೊಂಡ ಪುಡಿ, ದ್ರಾವಣಗಳಿಗೆ ಹೊರಳಬೇಕೆನ್ನುವವರು ಮೊದಲು ಕೇಳುವುದು ‘ಇದು ನೈಸರ್ಗಿಕವೋ, ರಾಸಾಯನಿಕವೋ’ ಎಂದು. ಆಯ್ಕೆ ಮಾಡಲು ಈ ಪ್ರಶ್ನೆ ಹೆಚ್ಚು ಸಹಾಯಕ್ಕೆ ಬರುವುದಿಲ್ಲ. ಅಂಟುವಾಳದ ಸಿಪ್ಪೆಯಿಂದ ನೊರೆ ಬರಿಸುವ ಸ್ಯಾಪೋನಿನ್ ಕೂಡ ಒಂದು ರಾಸಾಯನಿಕವೇ. ಸೀತಾಫಲದ ಬೀಜ ಮರದಲ್ಲೇ ಬೆಳೆದದ್ದು. ಆದರೂ ಹೇನಿಗೆಂದು ಅದನ್ನು ಅರೆದು ತಲೆಗೆ ಹಚ್ಚುವಾಗ ಕಣ್ಣಿಗೆ ತಾಗಿ, ಕಣ್ಣಿನ ಮೇಲ್ಪದರಕ್ಕೆ ಗಾಯವಾಗಿ ವೈದ್ಯರ ಬಳಿಗೆ ಓಡಿದವರು ನಮ್ಮ ದೇಶದಲ್ಲಿ ಕಡಿಮೆಯೇನಲ್ಲ.

ಅದರ ಬದಲು ಪ್ರತಿಯೊಂದು ವಸ್ತುವಿನ ಬಗ್ಗೆಯೂ ಮೂರು ವಿಷಯಗಳನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು. ಮೊದಲನೆಯದು, ಇದು ಕೆಲಸ ಮಾಡದೆ ಹೋದರೆ ಆಗುವ ನಷ್ಟವೇನು, ಆ ನಷ್ಟ ಕೂಡಲೇ ಕಣ್ಣಿಗೆ ಬೀಳುತ್ತದೆಯೇ ಎಂಬುದು. ಸೀಗೆಪುಡಿ ಹೊಂದದಿದ್ದರೆ ಕೂದಲಲ್ಲಿ ಜಿಡ್ಡು ಉಳಿಯುತ್ತದೆ. ಅಂದೇ ಗೊತ್ತಾಗುತ್ತದೆ, ಮತ್ತೊಮ್ಮೆ ತೊಳೆದುಕೊಂಡರಾಯಿತು. ಹಲ್ಲುಪುಡಿ ಹೊಂದದಿದ್ದರೆ ಹುಳುಕು ಕಾಣಿಸಿಕೊಳ್ಳುವಷ್ಟರಲ್ಲಿ ವರ್ಷವೇ ಕಳೆದಿರುತ್ತದೆ. ಎರಡನೆಯದು, ಅದರಲ್ಲಿ ನೀರು ಸೇರಿದೆಯೇ ಎಂಬುದು. ಚೆನ್ನಾಗಿ ಒಣಗಿದ ಪುಡಿ ತಿಂಗಳುಗಟ್ಟಲೆ ಕೆಡುವುದಿಲ್ಲ, ಎಣ್ಣೆಯೂ ಬೇಗ ಕೆಡುವುದಿಲ್ಲ. ಆದರೆ ನೀರಿನ ಅಂಶವಿರುವ ಲೋಳೆಸರದ ತಿರುಳು, ಕಷಾಯ, ಲೇಪಗಳಲ್ಲಿ ಕೆಲವೇ ದಿನಗಳಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯತೊಡಗುತ್ತವೆ, ಅದೂ ವಾಸನೆ ಬರುವುದಕ್ಕಿಂತ ಮೊದಲೇ. ನಮ್ಮ ಹಿರಿಯರ ಸ್ನಾನದ ಸಾಮಗ್ರಿಗಳು ಬಹುಮಟ್ಟಿಗೆ ಪುಡಿ ಮತ್ತು ಎಣ್ಣೆಗಳೇ ಆಗಿದ್ದುದು, ಅರೆದದ್ದನ್ನು ಆ ದಿನವೇ ಮುಗಿಸುತ್ತಿದ್ದುದು ಸುಮ್ಮನೆ ಅಲ್ಲ. ಮೂರನೆಯದು, ನಮ್ಮ ಮನೆಯ ನೀರಿಗೂ ನೆಲಕ್ಕೂ ಅದು ಹೊಂದುತ್ತದೆಯೇ ಎಂಬುದು. ಮಲೆನಾಡಿನ ಬಾವಿಯ ಮೆದು ನೀರಿನಲ್ಲಿ ಚೆನ್ನಾಗಿ ನಡೆಯುವ ಪದ್ಧತಿ ಕೋಲಾರದ ಕೊಳವೆಬಾವಿಯ ಗಡಸು ನೀರಿನಲ್ಲಿ ಸೋಲಬಹುದು.

ತಲೆಗೂದಲು

ಬದಲಾವಣೆಯನ್ನು ಇಲ್ಲಿಂದ ಶುರು ಮಾಡುವುದು ನನ್ನ ಸಲಹೆ, ಏಕೆಂದರೆ ಲಾಭ ಹೆಚ್ಚು, ಅಪಾಯ ಕಡಿಮೆ. ನಮ್ಮಲ್ಲಿ ಹಳೆಯ ಆಯ್ಕೆಗಳು ಮುಖ್ಯವಾಗಿ ನಾಲ್ಕು: ಸೀಗೆಕಾಯಿ, ಅಂಟುವಾಳ, ಚಿಗರೆಪುಡಿ (ಚಿಗರೆ ಮರದ ಒಣ ಎಲೆಯ ಪುಡಿ) ಮತ್ತು ದಾಸವಾಳದ ಸೊಪ್ಪಿನ ಲೋಳೆ. ಸೀಗೆ ಮತ್ತು ಅಂಟುವಾಳ ಎರಡರಲ್ಲೂ ಕೊಳೆ ತೆಗೆಯುವುದು ಸ್ಯಾಪೋನಿನ್. ಇವುಗಳಲ್ಲಿ ಅಂಟುವಾಳ ಹೆಚ್ಚು ತೀಕ್ಷ್ಣ. ಎಣ್ಣೆಯನ್ನು ಪೂರ್ತಿ ಎಳೆದುಬಿಡುವುದರಿಂದ ಒಣ ಕೂದಲಿನವರಿಗೆ ಅದೊಂದೇ ಒಗ್ಗುವುದಿಲ್ಲ. ಸೀಗೆಯ ನೀರು ಸ್ವಲ್ಪ ಆಮ್ಲ ಗುಣದ್ದು, ಕೂದಲಿನ ಹೊರಪದರವನ್ನು ಉಬ್ಬಿಸುವುದಿಲ್ಲ; ಹಾಗಾಗಿ ದಿನನಿತ್ಯಕ್ಕೆ ಅದೇ ಮೇಲು. ಚಿಗರೆ ಇನ್ನೂ ಸೌಮ್ಯ, ಬೇಸಿಗೆಯಲ್ಲಿ ತಲೆಗೆ ಹಿತ. ದಾಸವಾಳದ ಲೋಳೆ ಕೊಳೆ ತೆಗೆಯುವುದಕ್ಕಿಂತ ಕೂದಲನ್ನು ನುಣುಪುಗೊಳಿಸುವ ಕೆಲಸವನ್ನೇ ಚೆನ್ನಾಗಿ ಮಾಡುತ್ತದೆ. ಶಾಂಪೂ ಹಚ್ಚಿದ ಮೇಲೆ ಕಂಡೀಷನರ್ ಬೇಕೆನ್ನುವವರು ಮೊದಲು ಬಿಡಬಹುದಾದದ್ದು ಆ ಕಂಡೀಷನರನ್ನು.

ಇವುಗಳಿಗೆ ಎದುರಾಗಿ ಸ್ನಾನದ ಸಾಬೂನನ್ನೇ ತಲೆಗೆ ಹಾಕುವುದು ಬಹಳ ಮನೆಗಳಲ್ಲಿರುವ ಅಭ್ಯಾಸ. ಇರುವ ಆಯ್ಕೆಗಳಲ್ಲೆಲ್ಲ ಇದೇ ಕೆಟ್ಟದ್ದು. ಸಾಬೂನಿನ ಪಿಎಚ್ 9ರಿಂದ 10ರಷ್ಟು, ಅಂದರೆ ಅದು ಕ್ಷಾರ ಗುಣದ್ದು, ಕೂದಲಿನ ಹೊರಪದರವನ್ನು ಉಬ್ಬಿಸುತ್ತದೆ. ಮೇಲಾಗಿ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಸೇರಿ ಅದು ಬಿಳಿ ಗಸಿಯಾಗಿ ಕೂದಲಿಗೆ ಅಂಟುತ್ತದೆ. ಬಚ್ಚಲ ಬಕೆಟ್ಟಿನ ಅಂಚಿನಲ್ಲಿ ಕೂರುವ ಕರೆ ಅದೇ. ಶಾಂಪೂ ಹಾಗೆ ಗಸಿ ಕಟ್ಟುವುದಿಲ್ಲ, ಸೀಗೆಯೂ ಕಟ್ಟುವುದಿಲ್ಲ. ಆದ್ದರಿಂದ ಗಡಸು ನೀರಿನ ಊರಿನಲ್ಲಿರುವವರು ‘ಶಾಂಪೂ ಬಿಟ್ಟು ಮನೆಯ ಸಾಬೂನು’ ಎಂಬ ದಾರಿ ಹಿಡಿಯದೆ, ಸೀಗೆಗೆ ಹೋಗಬೇಕು, ಇಲ್ಲವೇ ಶಾಂಪೂವಿನಲ್ಲೇ ಇರಬೇಕು.

ಸೀಗೆಪುಡಿಯನ್ನು ಕೊಳ್ಳುವುದಕ್ಕಿಂತ ಮಾಡಿಸಿಕೊಳ್ಳುವುದು ವಾಸಿ, ಏಕೆಂದರೆ ಅಂಗಡಿಯ ಸಡಿಲ ಪುಡಿಯಲ್ಲಿ ಏನೇನು ಬೆರೆತಿದೆ ಎಂದು ಹೇಳುವುದು ಕಷ್ಟ. ಒಂದು ಕಿಲೋ ಸೀಗೆಕಾಯಿಗೆ ಕಾಲು ಕಿಲೋ ಹೆಸರುಕಾಳು, ನೂರು ಗ್ರಾಂ ಮೆಂತ್ಯ, ಒಂದು ಹಿಡಿ ಒಣಗಿಸಿದ ನಿಂಬೆಸಿಪ್ಪೆ, ಇದ್ದರೆ ಒಣ ದಾಸವಾಳದ ಹೂವು ಮತ್ತು ಕರಿಬೇವು ಎಂಬುದು ರೂಢಿಯ ಅಳತೆ. ಸೀಗೆಕಾಯಿ ಕೈಯಲ್ಲಿ ಮುರಿದರೆ ಟಕ್ಕೆಂದು ಒಡೆಯುವಷ್ಟು, ಒಳಗಿನ ಬೀಜ ಗಲಗಲ ಎನ್ನುವಷ್ಟು ಬಿಸಿಲಿನಲ್ಲಿ ಒಣಗಬೇಕು. ಬಾಗಿದರೆ ಇನ್ನೂ ತೇವವಿದೆ ಎಂದರ್ಥ, ಅಂಥದ್ದನ್ನು ಬೀಸಿಸಿದರೆ ಡಬ್ಬಿಯೊಳಗೆ ಗಂಟು ಕಟ್ಟಿ ಹುಳ ಬೀಳುತ್ತದೆ. ಅಕ್ಕಿ, ರಾಗಿ ಬೀಸುವ ಗಿರಣಿಯಲ್ಲಿ ಇದನ್ನು ಹಾಕುವುದಿಲ್ಲ. ಸೀಗೆಗೆಂದೇ ಇಟ್ಟ ಮಿಷನ್ನು ಹುಡುಕಿಕೊಂಡು ಹೋಗಬೇಕು, ಮೂಗಿಗೆ ಬಟ್ಟೆ ಕಟ್ಟಿಕೊಂಡು ದೂರ ನಿಲ್ಲಬೇಕು. ಅದರ ಧೂಳು ಬರಿಸುವ ಸೀನು ಬೇಗ ನಿಲ್ಲುವಂಥದ್ದಲ್ಲ, ಉಬ್ಬಸವಿರುವವರು ಆ ಕಡೆ ಸುಳಿಯಲೇಬಾರದು. ಮನೆಗೆ ತಂದು ಆರಿದ ಮೇಲೆ ಜರಡಿ ಹಿಡಿದು, ಒಣ ಡಬ್ಬಿಯಲ್ಲಿ ತುಂಬಿ, ಒಣ ಚಮಚವನ್ನೇ ಬಳಸಿದರೆ ಆರು ತಿಂಗಳು ಧಾರಾಳವಾಗಿ ಬರುತ್ತದೆ.

ಕಾಯಿಯನ್ನು ಎಲ್ಲಿಂದ ಕೊಳ್ಳುತ್ತೇವೆ ಎಂಬುದಕ್ಕೂ ಬೆಲೆಯಿದೆ. ಊರಿನ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳ ಸೋಲಿಗರು ಕಾಡಿನಿಂದ ಸಂಗ್ರಹಿಸುವ ಸೀಗೆ, ಅಂಟುವಾಳ, ಜೇನುಗಳು ಲ್ಯಾಂಪ್ಸ್ ಎಂಬ ಆದಿವಾಸಿಗಳ ಸಹಕಾರ ಸಂಘಗಳ ಮೂಲಕ ಮಾರಾಟವಾಗುತ್ತಾ ಬಂದಿವೆ. ಆ ಕಡೆ ಹೋದಾಗ ಅವರಿಂದಲೇ ಕೊಳ್ಳುವುದು ಒಳ್ಳೆಯದು.

ಸೀಗೆಗೆ ಹೊರಳಬಾರದವರೂ ಇದ್ದಾರೆ. ತಲೆಹೊಟ್ಟು ದಪ್ಪನಾಗಿ, ನೆತ್ತಿ ಕೆಂಪಾಗಿ ತುರಿಸುವವರಿಗೆ ಔಷಧಿಯುಳ್ಳ ಶಾಂಪೂವೇ ಬೇಕು. ಹೊಟ್ಟು ಎಂದು ಇನ್ನಷ್ಟು ಕೊಬ್ಬರಿ ಎಣ್ಣೆ ತಿಕ್ಕಿದರೆ ಹೆಚ್ಚುವುದೇ ಹೊರತು ಇಳಿಯುವುದಿಲ್ಲ, ಏಕೆಂದರೆ ಅದಕ್ಕೆ ಕಾರಣವಾಗುವ ಮಲಸೀಝಿಯಾ ಎಂಬ ಶಿಲೀಂಧ್ರದ ಆಹಾರವೇ ಜಿಡ್ಡು. ಸಣ್ಣ ಮಕ್ಕಳ ಕಣ್ಣಿಗೆ ಸೀಗೆ ಬಿದ್ದರೆ ಉರಿ ತಡೆಯಲಾಗದು. ಅವರಿಗೆ ಕಣ್ಣು ಉರಿಯದ ಮಕ್ಕಳ ಶಾಂಪೂ ಬಳಸುವುದರಲ್ಲಿ ತಪ್ಪೇನೂ ಇಲ್ಲ.

ಮೈ

ಕಡಲೆಹಿಟ್ಟು, ಹೆಸರುಹಿಟ್ಟು ಮತ್ತು ಸಾಬೂನುಗಳ ನಡುವೆ ಆರಿಸಬೇಕಾದರೆ ನೋಡಬೇಕಾದದ್ದು ಮೈಯ ಮೇಲೆ ಎಷ್ಟು ಜಿಡ್ಡಿದೆ ಎಂಬುದನ್ನು. ಎಣ್ಣೆ ನೀರು ಹಾಕಿಕೊಂಡ ದಿನ ಎಣ್ಣೆಯನ್ನು ಹಿಟ್ಟು ಹೀರಿಕೊಂಡು ಹೋಗುತ್ತದೆ, ಚರ್ಮಕ್ಕೆ ಬೇಕಾದಷ್ಟನ್ನು ಬಿಡುತ್ತದೆ. ಚಳಿಗಾಲದಲ್ಲಿ ಚರ್ಮ ಬಿರಿಯುವವರಿಗೆ ಇದಕ್ಕಿಂತ ಹಿತವಾದದ್ದು ಇಲ್ಲ. ಹೊಲದ ಕೆಲಸ, ಗ್ಯಾರೇಜಿನ ಕೆಲಸ, ಬಸ್ಸಿನ ಪ್ರಯಾಣ ಮಾಡಿ ಬಂದವರಿಗೆ ಹಿಟ್ಟು ಸಾಲದು. ಕೈ ತೊಳೆಯಲಂತೂ ಸಾಬೂನೇ ಆಗಬೇಕು.

ಮನೆಯಲ್ಲೇ ಸಾಬೂನು ಮಾಡುವ ಹವ್ಯಾಸ ಈಚೆಗೆ ಬೆಳೆದಿದೆ. ‘ರಾಸಾಯನಿಕವಿಲ್ಲದ ಸಾಬೂನು’ ಎಂದು ಮಾರುವವರ ಮಾತನ್ನು ನಂಬುವ ಮೊದಲು ತಿಳಿದಿರಬೇಕಾದ ಸಂಗತಿಯೆಂದರೆ, ಕಾಸ್ಟಿಕ್ ಸೋಡಾದಂಥ ತೀಕ್ಷ್ಣ ಕ್ಷಾರವಿಲ್ಲದೆ ಸಾಬೂನೇ ಆಗುವುದಿಲ್ಲ. ಎಣ್ಣೆಯೂ ಕ್ಷಾರವೂ ಕೂಡಿ ಬದಲಾದದ್ದೇ ಸಾಬೂನು. ಒಂದು ಕಿಲೋ ಕೊಬ್ಬರಿ ಎಣ್ಣೆ ಪೂರ್ತಿಯಾಗಿ ಸಾಬೂನಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಕ್ಷಾರ ಉಳಿಯದಿರಲೆಂದು ಕನಿಷ್ಠ ನೂರಕ್ಕೆ ಐದು ಪಾಲು ಕಡಿಮೆ ಹಾಕುತ್ತಾರೆ. ಪ್ರತಿ ಎಣ್ಣೆಗೂ ಈ ಅಳತೆ ಬೇರೆ, ಆದ್ದರಿಂದ ಲೋಟ, ಚಮಚದ ಲೆಕ್ಕ ನಡೆಯುವುದಿಲ್ಲ, ತಕ್ಕಡಿ ಬೇಕು. ಸೋಡಾವನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಕೂಡದು, ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆಯನ್ನು ಅದು ತಿನ್ನುತ್ತದೆ, ಬೆಂಕಿ ಹತ್ತುವ ಹೈಡ್ರೋಜನ್ ಅನಿಲವನ್ನೂ ಬಿಡುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗವಸು ಇಲ್ಲದೆ ಕೂರಬಾರದು. ಅಚ್ಚಿನಿಂದ ತೆಗೆದ ಮೇಲೆ ನಾಲ್ಕರಿಂದ ಆರು ವಾರ ಗಾಳಿಯಾಡುವಂತೆ ಇಟ್ಟು ಹದಗೊಳಿಸಬೇಕು. ಪುಟ್ಟ ಮಕ್ಕಳು ಓಡಾಡುವ ಮನೆಯಲ್ಲಿ ಈ ಕೆಲಸಕ್ಕೆ ಕೈ ಹಾಕುವುದು ಬೇಡವೆಂದೇ ಹೇಳುತ್ತೇನೆ.

ಕೊಳ್ಳುವವರಿಗೆ ಸುಲಭವಾದ ಅಳತೆಗೋಲು ಹೊದಿಕೆಯ ಮೇಲೆಯೇ ಇದೆ. ಟಿಎಫ್‌ಎಂ ಎಂದು ಬರೆದಿರುವುದು ಸಾಬೂನಿನಲ್ಲಿರುವ ಕೊಬ್ಬಿನಂಶದ ಪ್ರಮಾಣ. ಭಾರತೀಯ ಮಾನಕದ ಪ್ರಕಾರ ಒಂದನೇ ದರ್ಜೆಗೆ ಇದು ಕನಿಷ್ಠ ಶೇಕಡ 76, ಎರಡನೆಯದಕ್ಕೆ 70, ಮೂರನೆಯದಕ್ಕೆ 60. ‘ಬೇಥಿಂಗ್ ಬಾರ್’ ಎಂದು ಬರೆದದ್ದು ಈ ದರ್ಜೆಗಳಿಗೆ ಸೇರಿದ್ದಲ್ಲ, ಅದರಲ್ಲಿ ಕೊಬ್ಬಿನಂಶ ಇನ್ನೂ ಕಡಿಮೆ ಇರಬಹುದು. ಬೇವು, ತುಳಸಿ, ಲೋಳೆಸರದ ಚಿತ್ರಗಳನ್ನು ನೋಡಿ ಕೊಳ್ಳುವುದಕ್ಕಿಂತ ಈ ಸಂಖ್ಯೆಯನ್ನೂ ಪದಾರ್ಥಗಳ ಪಟ್ಟಿಯನ್ನೂ ಓದಿ ಕೊಳ್ಳುವುದು ಎಷ್ಟೋ ಮೇಲು. ಬೆಂಗಳೂರಿನಲ್ಲಿ 1916ರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಶುರುವಾದ ನಾಡಿನವರು ನಾವು. ಕಾರ್ಖಾನೆಯದ್ದೆಂಬ ಒಂದೇ ಕಾರಣಕ್ಕೆ ಒಳ್ಳೆಯ ಸಾಬೂನನ್ನು ದೂರ ಮಾಡುವ ಅಗತ್ಯವಿಲ್ಲ.

ಕಂಕುಳ ವಾಸನೆಗೆ ಅಡುಗೆ ಸೋಡಾ ಹಚ್ಚುವ ಸಲಹೆ ಹಲವೆಡೆ ಸಿಗುತ್ತದೆ. ಅದರ ಕ್ಷಾರಕ್ಕೆ ಬಹಳ ಜನರಿಗೆ ಚರ್ಮ ಕೆಂಪಾಗುತ್ತದೆ. ಪಟಿಕದ ಕಲ್ಲನ್ನು ಒದ್ದೆ ಮಾಡಿ ಉಜ್ಜಿಕೊಳ್ಳುವುದು ಅಗ್ಗವೂ ಹೌದು, ಸೌಮ್ಯವೂ ಹೌದು. ಮುಖಕ್ಕೆ ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟಂಥ ಕಪ್ಪು ಕಲೆಗಳು ಏಳಬಹುದು, ಅದನ್ನು ಬಿಡಬೇಕು.

ಮನೆಯಲ್ಲಿ ಮಾಡಲೇಬಾರದವು

ಹಲ್ಲುಪುಡಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ಉಪ್ಪು, ಇದ್ದಿಲು ಹಲ್ಲಿನ ಕಲೆಯನ್ನು ತೆಗೆಯುವುದು ಉಜ್ಜಿ ಸವೆಸುವುದರಿಂದ. ಸವೆದ ಹಲ್ಲಿನ ಹೊರಕವಚ ಮತ್ತೆ ಬೆಳೆಯುವುದಿಲ್ಲ. ಹುಳುಕನ್ನು ತಡೆಯುವುದಕ್ಕೆ ಚೆನ್ನಾಗಿ ಸಾಬೀತಾದದ್ದು ಫ್ಲೋರೈಡ್ ಇರುವ ಪೇಸ್ಟು. ಇಲ್ಲಿ ಕರ್ನಾಟಕದವರಿಗೆ ಒಂದು ನ್ಯಾಯವಾದ ಅನುಮಾನ ಬರುತ್ತದೆ: ಕೋಲಾರ, ಪಾವಗಡ, ಮುಂಡರಗಿಯಂಥ ಕಡೆ ಅಂತರ್ಜಲದಲ್ಲೇ ಫ್ಲೋರೈಡ್ ಹೆಚ್ಚಿದ್ದು, ಹಲ್ಲಿಗೂ ಮೂಳೆಗೂ ಹಾನಿಯಾಗಿರುವಾಗ ಪೇಸ್ಟಿನಲ್ಲೂ ಅದು ಬೇಕೇ ಎಂದು. ಆ ಹಾನಿ ಬರುವುದು ವರ್ಷಾನುಗಟ್ಟಲೆ ನುಂಗುವುದರಿಂದ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬ ಮಿತಿ ಅದಕ್ಕಾಗಿಯೇ ಇದೆ. ಪೇಸ್ಟನ್ನು ಹಚ್ಚಿ ಉಗುಳುತ್ತೇವೆ; ಉಗುಳಲು ಬಾರದ ಮೂರು ವರ್ಷದೊಳಗಿನ ಮಕ್ಕಳಿಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿಕಾಳಿನಷ್ಟು ಮಾತ್ರ ಹಾಕಬೇಕು. ಫ್ಲೋರೈಡ್ ಬಾಧಿತ ಊರುಗಳಲ್ಲಿ ಬದಲಿಸಬೇಕಾದದ್ದು ಕುಡಿಯುವ ನೀರನ್ನು. ಮಕ್ಕಳ ಪೇಸ್ಟಿನ ಬಗ್ಗೆ ದಂತವೈದ್ಯರನ್ನು ಕೇಳಬೇಕು. ಬೇವಿನ ಕಡ್ಡಿ ಇಷ್ಟವಿರುವವರು ಪೇಸ್ಟಿನ ಜೊತೆಗೆ ಬಳಸಲಿ, ಅದರ ಬದಲಿಗೆ ಬೇಡ.

ಬಿಸಿಲಿನಿಂದ ಕಾಯುವ ಲೇಪವನ್ನು ಕೊಬ್ಬರಿ ಎಣ್ಣೆ, ಝಿಂಕ್ ಪುಡಿ ಕಲಸಿ ಮಾಡಿಕೊಳ್ಳುವವರಿಗೆ ತಮ್ಮ ಲೇಪ ಎಷ್ಟು ತಡೆಯುತ್ತದೆಂದು ಅಳೆಯುವ ದಾರಿಯೇ ಇಲ್ಲ. ಛತ್ರಿ, ಟೋಪಿ, ತುಂಬುತೋಳಿನ ಬಟ್ಟೆ ಇದಕ್ಕಿಂತ ನಂಬಿಕೆಗೆ ಅರ್ಹ. ಸೊಳ್ಳೆಯ ವಿಷಯವೂ ಹೀಗೆಯೇ. ನಿಂಬೆಹುಲ್ಲು, ಸಿಟ್ರೊನೆಲ್ಲಾ ಎಣ್ಣೆಗಳು ಸ್ವಲ್ಪ ಹೊತ್ತು ತಡೆದು ಆರಿಹೋಗುತ್ತವೆ. ಡೆಂಗಿ ಹಬ್ಬಿರುವ ಮಳೆಗಾಲದಲ್ಲಿ, ಅದೂ ಹಗಲಲ್ಲಿ ಕಚ್ಚುವ ಸೊಳ್ಳೆಗೆ, ಅವನ್ನೇ ನಂಬಿ ಮಕ್ಕಳನ್ನು ಶಾಲೆಗೆ ಕಳಿಸುವುದು ಸರಿಯಲ್ಲ. ಬೇವಿನ ಸೊಪ್ಪಿನ ಹೊಗೆಯೂ ಶ್ವಾಸಕೋಶಕ್ಕೆ ಹೊಗೆಯೇ. ವಾರಕ್ಕೊಮ್ಮೆ ಡ್ರಮ್ಮು, ತೊಟ್ಟಿಗಳನ್ನು ಬರಿದು ಮಾಡಿ ಉಜ್ಜಿ ತೊಳೆಯುವುದು, ಕಿಟಕಿಗೆ ಜಾಲರಿ ಹಾಕಿಸುವುದು ಎಲ್ಲ ಎಣ್ಣೆಗಳಿಗಿಂತ ದೊಡ್ಡ ನೈಸರ್ಗಿಕ ಉಪಾಯ. ಕರ್ಪೂರವನ್ನು ಮಕ್ಕಳ ಕೈಗೆ ಸಿಗುವಂತೆ ಇಡಬಾರದು. ನುಂಗಿದರೆ ಸೆಳವು ಬರುವಷ್ಟು ಅದು ವಿಷ. ಕೂಸಿನ ಕಣ್ಣಿಗೆ ಕಾಡಿಗೆಯೂ, ಮನೆಯದ್ದಾದರೂ, ಬೇಡ.

ಪಾತ್ರೆ, ನೆಲ, ಬಟ್ಟೆ

ಹಿತ್ತಾಳೆ, ತಾಮ್ರಕ್ಕೆ ಹುಣಸೆಹಣ್ಣನ್ನು ಮೀರಿಸುವ ಪುಡಿ ಇಲ್ಲ. ಕಿಲುಬನ್ನು ಕರಗಿಸುವುದು ಅದರಲ್ಲಿರುವ ಟಾರ್ಟಾರಿಕ್ ಆಮ್ಲ. ಸಾರಿಗೆ ಕಿವುಚಿ ಹಿಂಡಿದ ಹಿಪ್ಪೆಗೆ ಒಂದು ಚಿಟಿಕೆ ಉಪ್ಪು ಸೇರಿಸಿ ತಿಕ್ಕಿದರೂ ಸಾಕು. ಸ್ಟೀಲಿನ ಪಾತ್ರೆಗೆ ಸೌದೆ ಒಲೆಯ ಬೂದಿಯನ್ನು ಜರಡಿ ಹಿಡಿದು ಬಳಸಬಹುದು, ಅದರ ಕ್ಷಾರ ಜಿಡ್ಡನ್ನು ಬಿಡಿಸುತ್ತದೆ. ಆದರೆ ನಗರದಲ್ಲಿ ಬೂದಿಯನ್ನು ಪೊಟ್ಟಣದಲ್ಲಿ ದುಡ್ಡು ಕೊಟ್ಟು ತರಿಸುವುದರಲ್ಲಿ ಅರ್ಥವಿಲ್ಲ. ಅಲ್ಲಿ ಪಾತ್ರೆ ಸಾಬೂನೇ ಸಾಕು, ಪ್ಲಾಸ್ಟಿಕ್ ಸ್ಕ್ರಬ್ಬರಿನ ಬದಲು ತೆಂಗಿನ ನಾರು ಹಿಡಿದರೆ ಅದೇ ಒಂದು ಬದಲಾವಣೆ.

ನೆಲದ ವಿಷಯದಲ್ಲಿ ಎಚ್ಚರ ಬೇಕು. ವಿನಿಗರ್, ನಿಂಬೆ, ಕಿತ್ತಳೆ ಸಿಪ್ಪೆಯನ್ನು ಬೆಲ್ಲದ ನೀರಿನಲ್ಲಿ ಹುಳಿಸಿ ಮಾಡುವ ಬಯೋಎಂಜೈಮ್ ಎಲ್ಲವೂ ಹುಳಿ. ಕಲಬುರಗಿ ಕಡೆಯ ಶಹಾಬಾದ್ ಕಲ್ಲು, ಅಡುಗೆಮನೆಯ ಕರಿ ಕಡಪ ಕಲ್ಲು ಎರಡೂ ಸುಣ್ಣದ ಕಲ್ಲುಗಳು, ಅಮೃತಶಿಲೆಯ ಹಾಗೆ. ಹುಳಿ ಅವುಗಳ ಹೊಳಪನ್ನು ತಿಂದುಹಾಕುತ್ತದೆ. ಹಳೆಯ ಮನೆಗಳ ಕೆಂಪು ಕಾವಿ ನೆಲವೂ ಸಿಮೆಂಟಿನದ್ದೇ ಆದ್ದರಿಂದ ಅದಕ್ಕೂ ಹುಳಿ ಆಗದು. ಯಾವ ಕಲ್ಲೆಂದು ತಿಳಿಯದಿದ್ದರೆ ಮೂಲೆಯಲ್ಲಿ ಒಂದು ಹನಿ ನಿಂಬೆರಸ ಬಿಟ್ಟು ಹತ್ತು ನಿಮಿಷದ ಮೇಲೆ ಒರೆಸಿ ನೋಡಿ. ಜಾಗ ಮಾಸಿದ್ದರೆ ಆ ನೆಲಕ್ಕೆ ಬಿಸಿನೀರು ಮತ್ತು ಸ್ವಲ್ಪ ಸಾಬೂನಿನ ನೀರೇ ಸರಿ. ಗ್ರಾನೈಟ್, ಟೈಲ್ಸ್ ಇರುವವರಿಗೆ ಬಯೋಎಂಜೈಮ್ ಒಳ್ಳೆಯ ಆಯ್ಕೆ: ಒಂದು ಪಾಲು ಬೆಲ್ಲ, ಮೂರು ಪಾಲು ಸಿಪ್ಪೆ, ಹತ್ತು ಪಾಲು ನೀರು, ಮೂರು ತಿಂಗಳ ಕಾಯುವಿಕೆ. ಗಾಜಿನ ಸೀಸೆ ಬೇಡ. ಕಾಲುಭಾಗ ಖಾಲಿ ಬಿಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಮೊದಲ ತಿಂಗಳು ದಿನವೂ ಮುಚ್ಚಳ ಸಡಿಲಿಸಿ ಗಾಳಿ ಬಿಡದಿದ್ದರೆ ಒಡೆಯುತ್ತದೆ. ಇದು ಕೊಳೆ ತೆಗೆಯುತ್ತದೆ, ಆದರೆ ರೋಗಾಣುಗಳನ್ನೂ ಕೊಲ್ಲುತ್ತದೆ ಎಂದು ನಂಬಿಕೊಳ್ಳಬಾರದು. ಮನೆಯಲ್ಲಿ ವಾಂತಿ ಭೇದಿಯ ರೋಗಿಯಿದ್ದರೆ ಬ್ಲೀಚಿಂಗ್ ದ್ರಾವಣವನ್ನೇ ಹಾಕಬೇಕು.

ಅಡುಗೆ ಸೋಡಾ ಮತ್ತು ವಿನಿಗರನ್ನು ಒಟ್ಟಿಗೆ ಸುರಿದಾಗ ಬುಸ್ಸೆಂದು ಉಕ್ಕುವುದನ್ನು ಕಂಡು ಅದರ ಶಕ್ತಿಯೆಂದುಕೊಳ್ಳುವವರು ಹೆಚ್ಚು. ಎರಡೂ ಒಂದನ್ನೊಂದು ತಟಸ್ಥಗೊಳಿಸಿಕೊಂಡು ಉಳಿಯುವುದು ಬಹುಪಾಲು ನೀರೇ. ಜಿಡ್ಡಿಗೆ ಸೋಡಾ, ನಲ್ಲಿಯ ಮೇಲಿನ ಬಿಳಿ ಕರೆಗೆ ವಿನಿಗರ್, ಬೇರೆ ಬೇರೆಯಾಗಿ ಬಳಸಿದರೆ ಎರಡೂ ಕೆಲಸಕ್ಕೆ ಬರುತ್ತವೆ.

ಬಟ್ಟೆಗೆ ಅಂಟುವಾಳ ಹಾಕುವ ಮೊದಲು ಯಾವ ಬಟ್ಟೆ ಎಂದು ನೋಡಬೇಕು. ಮಕ್ಕಳ ಸಮವಸ್ತ್ರ, ಬನಿಯನ್ನು, ಸಾರು ಚೆಲ್ಲಿದ ಅಂಗಿಗಳಿಗೆ ಡಿಟರ್ಜೆಂಟ್ ಮೇಲು. ಹಲವು ಡಿಟರ್ಜೆಂಟ್‌ಗಳಲ್ಲಿರುವ ಕಿಣ್ವಗಳು ರಕ್ತ, ಹಾಲು, ಬೆವರಿನ ಕಲೆಗಳನ್ನು ಒಡೆಯುತ್ತವೆ, ಅಂಟುವಾಳಕ್ಕೆ ಆ ಶಕ್ತಿಯಿಲ್ಲ. ರೇಷ್ಮೆಗಾದರೆ ತದ್ವಿರುದ್ಧ. ರೇಷ್ಮೆ ಪ್ರೋಟೀನಿನ ಎಳೆ, ಕ್ಷಾರ ತಗುಲಿದರೆ ಹೊಳಪು ಕಳೆದುಕೊಳ್ಳುತ್ತದೆ. ಎಂಟು ಹತ್ತು ಅಂಟುವಾಳದ ಬೀಜ ತೆಗೆದು, ಸಿಪ್ಪೆಯನ್ನು ಒಂದು ಲೀಟರ್ ಬೆಚ್ಚಗಿನ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಕಿವುಚಿ ತೆಳು ಬಟ್ಟೆಯಲ್ಲಿ ಸೋಸಿ, ಅರ್ಧ ಬಕೆಟ್ ತಣ್ಣೀರಿಗೆ ಬೆರೆಸಬೇಕು. ಸೆರಗಿನ ಒಳತುದಿಯನ್ನು ಒದ್ದೆ ಬಿಳಿ ಬಟ್ಟೆಯಿಂದ ಒತ್ತಿ ಬಣ್ಣ ಬಿಡುವುದಿಲ್ಲವೆಂದು ಖಾತ್ರಿಪಡಿಸಿಕೊಂಡ ಮೇಲೆ ಸೀರೆಯನ್ನು ಅದ್ದಿ, ಹಿಂಡದೆ ಎತ್ತಿ, ಎರಡು ಸಲ ಜಾಲಿಸಿ ನೆರಳಲ್ಲಿ ಒಣಗಿಸಬೇಕು. ಅಪ್ಪಟ ಜರಿಯ ಹಳೆಯ ಸೀರೆಗಳನ್ನು ಮಾತ್ರ ಬಲ್ಲವರಿಗೇ ಕೊಡುವುದು ಕ್ಷೇಮ.

ಡಿಟರ್ಜೆಂಟ್ ಬಿಡಲಾಗದವರು ಫಾಸ್ಫೇಟ್ ಇಲ್ಲದ್ದನ್ನು ಆರಿಸಿ, ಅಳತೆಗಿಂತ ಹೆಚ್ಚು ಹಾಕದಿದ್ದರೆ ಅದೂ ದೊಡ್ಡ ಹೆಜ್ಜೆಯೇ. ಬೆಂಗಳೂರಿನ ಬೆಳ್ಳಂದೂರು ಕೆರೆಯಿಂದ 2015ರ ಸುಮಾರಿಗೆ ರಸ್ತೆಗೆ ಹಾರಿ ಬಂದ ನೊರೆಯಲ್ಲಿ ಮನೆಮನೆಯ ಬಚ್ಚಲ ನೀರಿನ ಪಾಲಿತ್ತು. ಆದರೆ ಒಳಚರಂಡಿಯ ನೀರನ್ನು ಶುದ್ಧೀಕರಿಸದೆ ಕೆರೆಗೆ ಬಿಡುವುದು ನಿಲ್ಲದ ಹೊರತು ಮನೆಯವರು ಅಂಟುವಾಳ ಹಿಡಿದ ಮಾತ್ರಕ್ಕೆ ಕೆರೆ ತಿಳಿಯಾಗುವುದಿಲ್ಲ ಎಂಬುದನ್ನೂ ಹೇಳಲೇಬೇಕು.

ನೆನೆಸುವುದು, ಸೋಸುವುದು, ಒಣಗಿಸುವುದು ಎಲ್ಲಕ್ಕೂ ಹೊತ್ತು ಬೇಕು, ಬಹುತೇಕ ಮನೆಗಳಲ್ಲಿ ಆ ಹೊತ್ತು ಹೋಗುವುದು ಹೆಂಗಸರದ್ದು. ಬದಲಾವಣೆಯನ್ನು ನಿರ್ಧರಿಸುವವರೊಬ್ಬರು, ಮಾಡುವವರು ಇನ್ನೊಬ್ಬರು ಎಂದಾದರೆ ಅದು ಹೆಚ್ಚು ದಿನ ನಡೆಯುವುದಿಲ್ಲ, ನಡೆಯಲೂಬಾರದು. ವರ್ಷಕ್ಕೆರಡು ಸಲ ಮಾಡುವ ಸೀಗೆಪುಡಿ, ಮೂರು ತಿಂಗಳು ತಾನಾಗಿ ಹುಳಿಯುವ ಬಯೋಎಂಜೈಮ್ ಮೊದಲು ಇರಲಿ. ದಿನವೂ ಅರೆಯಬೇಕಾದದ್ದನ್ನು ಅರೆಯುವ ಕೈಗಳು ಹೆಚ್ಚಿದ ಮೇಲೆ ನೋಡಬಹುದು.

ಬದಲಾಗುವ ಹೊತ್ತಿನಲ್ಲಿ ಮನೆಯಲ್ಲಿ ಹಳೆಯದೂ ಹೊಸದೂ ಎರಡೂ ಇರುತ್ತವೆ, ಅಪಾಯ ಆಗುವುದೇ ಆಗ. ಕಕ್ಕಸು ತೊಳೆಯುವ ಆಸಿಡ್ಡಾಗಲಿ, ವಿನಿಗರಾಗಲಿ, ಬಯೋಎಂಜೈಮಾಗಲಿ ಬ್ಲೀಚಿಂಗ್ ಪೌಡರಿನ ಜೊತೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿಯಿಲ್ಲದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಎರವಾಗಬಲ್ಲದು. ಒಂದನ್ನು ಹಾಕಿದ ದಿನ ಇನ್ನೊಂದನ್ನು ಮುಟ್ಟಬೇಡಿ. ಹಳೆಯ ಬಾಟಲಿಗಳನ್ನು ಚರಂಡಿಗೆ ಸುರಿಯದೆ ಬಳಸಿ ಮುಗಿಸಿ. ಮನೆಯಲ್ಲಿ ತಯಾರಿಸಿದ ಯಾವುದನ್ನೂ ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಡಬೇಡಿ, ಮಕ್ಕಳು ಜ್ಯೂಸ್ ಎಂದು ಕುಡಿದುಬಿಡುತ್ತಾರೆ. ಬೇರೆ ಡಬ್ಬಿಯಲ್ಲಿಟ್ಟು, ಹೆಸರನ್ನೂ ತಯಾರಿಸಿದ ದಿನಾಂಕವನ್ನೂ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ, ಅವರ ಕೈಗೆ ಎಟುಕದ ಅಟ್ಟದ ಮೇಲಿಡಿ.